ನಿಂತ ಫ್ಯಾನನ್ನು ನಂಬಬೇಡಿ

ಕೇಳುಗರಿಗೆ ನಮಸ್ಕಾರ.

ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿಸಿದ ರೈತರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಮೋಟರು ಸದ್ದಿಲ್ಲದೆ ನಿಂತಿದೆ ಅಂದರೆ ಆಫ್ ಆಗಿದೆ ಅಂತಲ್ಲ. ತ್ರೀ ಫೇಸ್ ಕರೆಂಟು ಬಂತೋ, ಗಿರ್ರನೆ ತಿರುಗುತ್ತದೆ. ಬಟ್ಟೆಯ ರೆಕ್ಕೆಯಡಿ ತೂಗುತ್ತ, ಬೆನ್ನಿನ ಫ್ಯಾನಿನ ಬಲದಿಂದ ಹಾರುವ ಯಂತ್ರವಿದೆಯಲ್ಲ, ಆ ಬ್ಯಾಟರಿಯ ಪ್ಯಾರಾಮೋಟರ್‌ಗೂ ಇದೇ ಗುಣ. ಅದನ್ನು ಬೆನ್ನಿಗೆ ಕಟ್ಟಿಕೊಂಡು ನೆಲಕ್ಕಿಳಿಯುವಾಗ ಥ್ರಾಟಲ್, ಅಂದರೆ ಫ್ಯಾನಿನ ವೇಗ ಏರಿಸಿ ಇಳಿಸುವ ಕೈ ಲಿವರ್, ಅದರ ವಿಷಯದಲ್ಲಿ ಹೇಗಿರಬೇಕು ಅನ್ನುವುದು ಇವತ್ತಿನ ಮಾತು.

ಪೆಟ್ರೋಲ್ ಇಂಜಿನ್ನು ಥ್ರಾಟಲ್ ಬಿಟ್ಟರೂ ಗುಡುಗುಡು ಅನ್ನುತ್ತಲೇ ಇರುತ್ತದೆ. ಆ ಸದ್ದೇ ಒಂದು ಎಚ್ಚರಿಕೆ. ಎಲೆಕ್ಟ್ರಿಕ್‌ನಲ್ಲಿ ಲಿವರ್ ಬಿಟ್ಟ ಕೂಡಲೇ ಪ್ರೊಪೆಲ್ಲರ್ ನಿಲ್ಲುತ್ತದೆ, ಸದ್ದೂ ಅಡಗುತ್ತದೆ. ಆದರೆ ಮೋಟರಿಗೆ ಕರೆಂಟು ಹಂಚುವ ಕಂಟ್ರೋಲರ್ ಇನ್ನೂ ಆರ್ಮ್ ಆಗಿಯೇ, ಅಂದರೆ ತಿರುಗಿಸಲು ಸಿದ್ಧವಾಗಿಯೇ ಇರುತ್ತದೆ. ಬೆರಳು ತಾಕಿದರೆ ಸಾಕು, ನಾಲ್ಕಡಿ ದಾಟಿದ ಪ್ರೊಪೆಲ್ಲರ್ ಕಣ್ಣು ಮಿಟುಕಿಸುವಷ್ಟರಲ್ಲಿ ವೇಗ ಹಿಡಿಯುತ್ತದೆ.

ಇಳಿಯುವ ಕೊನೆಯ ಗಳಿಗೆಯಲ್ಲಿ ಕೈ ಏನು ಮಾಡುತ್ತದೆ ನೋಡಿ. ನೆಲ ಇನ್ನೊಂದು ಆಳುದ್ದ ಇದೆ ಅನ್ನುವಾಗ ರೆಕ್ಕೆಯ ವೇಗ ತಗ್ಗಿಸುವ ಎರಡೂ ಬ್ರೇಕ್ ಹಿಡಿಗಳನ್ನು ಭುಜದಿಂದ ಸೊಂಟದವರೆಗೆ ಬಲವಾಗಿ ಎಳೆಯಬೇಕು. ಇದೇ ಫ್ಲೇರ್. ಬ್ರೇಕ್ ಹಿಡಿದ ಅಂಗೈಯಲ್ಲೇ ಥ್ರಾಟಲ್ಲೂ ಇರುತ್ತದೆ. ಬಲ ಹಾಕಿ ಎಳೆಯುವಾಗ ಮುಷ್ಟಿ ತಾನಾಗಿಯೇ ಬಿಗಿಯುತ್ತದೆ, ಬೆರಳು ಲಿವರ್ ಒತ್ತುತ್ತದೆ. ಕಾಲು ನೆಲ ಮುಟ್ಟುವ ಹೊತ್ತಿಗೆ ಹಿಂದಿನಿಂದ ಯಾರೋ ನೂಕಿದಂತಾಗಿ ಮುಖ ಅಡಿಯಾಗಿ ಬೀಳುವುದು ಹೀಗೆ. ಮುಗ್ಗರಿಸಿ ಕೈಯೂರಿದರೂ ಅಷ್ಟೇ, ಲಿವರ್ ಮಣ್ಣಿಗೆ ಒತ್ತಿಕೊಳ್ಳುತ್ತದೆ. ಅಷ್ಟರಲ್ಲಿ ರೆಕ್ಕೆ ಹಿಂದಕ್ಕೆ ಬಿದ್ದು ಅದರ ದಾರಗಳು ಫ್ಯಾನಿನ ಸುತ್ತಲಿನ ಪಂಜರದ ಮೇಲೆ ಹರಡಿದ್ದರೆ, ಪ್ರೊಪೆಲ್ಲರ್ ಅವನ್ನು ಸುತ್ತಿ ಎಳೆದುಕೊಳ್ಳುತ್ತದೆ.

ಆದ್ದರಿಂದ ಡಿಸ್‌ಆರ್ಮ್ ಮಾಡುವ, ಅಂದರೆ ಆ ಸಿದ್ಧಸ್ಥಿತಿ ತೆಗೆಯುವ ಕೆಲಸ ಮೇಲೆಯೇ ಮುಗಿದಿರಬೇಕು. ಸುಮಾರು 30 ಮೀಟರ್, ಅಂದರೆ ಎರಡು ತೆಂಗಿನ ಮರದ ಎತ್ತರ ಒಳ್ಳೆಯದು. ಲಿವರ್ ಬಿಟ್ಟರೂ ವೇಗ ಹಿಡಿದಿಡುವ ಕ್ರೂಸ್ ಹಾಕಿದ್ದರೆ ಅದನ್ನು ಅದಕ್ಕೂ ಮೊದಲೇ ತೆಗೆಯಿರಿ. ಲಿವರ್ ಪೂರ್ತಿ ಬಿಡಿ, ನಿಮ್ಮ ಯಂತ್ರದ ಕೈಪಿಡಿ ಹೇಳಿದಂತೆ ಬಟನ್ ಒತ್ತಿ. ಒತ್ತಿದೆ ಅಂತ ನಂಬಿ ಕೂರಬೇಡಿ. ಬೀಪ್ ಕೇಳಿಸಿತೇ, ಪರದೆಯಲ್ಲಿ ಬದಲಾಯಿತೇ ನೋಡಿ. ಆಮೇಲೆ ಬೆರಳನ್ನು ಲಿವರ್‌ನಿಂದ ಆಚೆ ಸರಿಸಿ ಬ್ರೇಕ್ ಹಿಡಿಯಿರಿ.

ಅಲ್ಲಿಂದ ಎಷ್ಟು ಹೊತ್ತು ಸಿಗುತ್ತದೆ? ಸೆಕೆಂಡಿಗೆ ಒಂದೂವರೆಯಿಂದ ಎರಡು ಮೀಟರ್ ಇಳಿಯುತ್ತೀರಿ ಅಂದುಕೊಳ್ಳಿ. 15ರಿಂದ 20 ಸೆಕೆಂಡು. ಗಾಳಿಯಿಲ್ಲದಿದ್ದರೆ 150ರಿಂದ 200 ಮೀಟರ್ ದೂರ, ಎದುರುಗಾಳಿಯಿದ್ದರೆ ಅದಕ್ಕಿಂತ ಕಡಿಮೆ. ಹೊಲ ಕೈಗೆಟುಕದು ಅನ್ನಿಸಿದರೆ ಬಟನ್ ಮುಟ್ಟದೆ ಮೇಲೇರಿ ಇನ್ನೊಂದು ಸುತ್ತು ಬನ್ನಿ. ಅದಕ್ಕಾಗಿ ಬ್ಯಾಟರಿಯಲ್ಲಿ ಐದನೇ ಒಂದು ಪಾಲಾದರೂ ಉಳಿದಿರಬೇಕು. ಚಾರ್ಜ್ ತಳ ಕಂಡಾಗ ಪೂರ್ತಿ ಥ್ರಾಟಲ್ ಕೊಟ್ಟರೆ ವೋಲ್ಟೇಜ್ ಕುಸಿದು ಕಂಟ್ರೋಲರ್ ಶಕ್ತಿ ಇಳಿಸಿಬಿಡುತ್ತದೆ.

ಯಾವುದಕ್ಕೂ ಇರಲಿ ಅಂತ ಕೊನೆಯವರೆಗೂ ಆರ್ಮ್ ಇಟ್ಟುಕೊಳ್ಳುವವರಿದ್ದಾರೆ. ಹತ್ತು ಮೀಟರ್ ಒಳಗೆ ಅದರಿಂದ ಲಾಭವಿಲ್ಲ, ನಷ್ಟವಿದೆ. ದಿಢೀರ್ ಥ್ರಾಟಲ್ ಕೊಟ್ಟರೆ ದೇಹ ಮುಂದಕ್ಕೆ ತೂಗಿ ರೆಕ್ಕೆ ಹಿಂದುಳಿಯುತ್ತದೆ. ಗಾಬರಿಯಲ್ಲಿ ಬಿಟ್ಟರೆ ರೆಕ್ಕೆ ಮುಂದಕ್ಕೆ ಧುಮುಕುತ್ತದೆ, ನೆಲ ಅಲ್ಲೇ ಇರುತ್ತದೆ.

ಲಿವರ್‌ನ ಆರೋಗ್ಯವನ್ನೂ ನೋಡಬೇಕು. ಎರೆಮಣ್ಣಿನ ಧೂಳು, ಶೇಂಗಾ ಹೊಟ್ಟು ಸ್ಪ್ರಿಂಗ್ ಸಂದಿಗೆ ಸೇರಿದರೆ ಅದು ಪೂರ್ತಿ ಹಿಂದಿರುಗುವುದಿಲ್ಲ. ಹಾರುವ ಮುಂಚೆ, ಬ್ಯಾಟರಿ ಜೋಡಿಸದೆ, ಹತ್ತು ಸಲ ಒತ್ತಿ ಬಿಟ್ಟು ನೋಡಿ. ಒಳಗೆ ಲಿವರ್ ಎಷ್ಟು ಒತ್ತಿದೆ ಅನ್ನುವುದನ್ನು ಆಯಸ್ಕಾಂತದಿಂದ ಅಳೆಯುವ ಹಾಲ್ ಸೆನ್ಸರ್ ಇದ್ದರೆ ಮೂರು ತಂತಿ ಇರುತ್ತವೆ. ಗ್ರೌಂಡ್ ತಂತಿ ಒಂದು ಮುರಿದರೆ ಸಿಗ್ನಲ್ ಪೂರ್ತಿ ಥ್ರಾಟಲ್‌ನಂತೆ ಕಾಣಬಹುದು. ಒಳ್ಳೆಯ ಕಂಟ್ರೋಲರ್ ಮಿತಿ ಮೀರಿದ ಸಿಗ್ನಲ್ ಕಂಡರೆ ಮೋಟರನ್ನೇ ನಿಲ್ಲಿಸುತ್ತದೆ. ನಿಮ್ಮದು ಹಾಗೆ ಮಾಡುತ್ತದೆಯೇ ಅನ್ನುವುದನ್ನು ಪ್ರೊಪೆಲ್ಲರ್ ಬಿಚ್ಚಿಟ್ಟು, ತಂತಿ ಅಲುಗಾಡಿಸಿ ಪರೀಕ್ಷಿಸಿ. ವೈರ್‌ಲೆಸ್ ಥ್ರಾಟಲ್ ಆದರೆ ಹಾಗೆಯೇ ಪ್ರೊಪೆಲ್ಲರ್ ಇಲ್ಲದೆ ಮೋಟರ್ ತಿರುಗಿಸಿ, ಕೈಯಲ್ಲಿನದನ್ನು ಆಫ್ ಮಾಡಿದರೆ ಮೋಟರ್ ನಿಲ್ಲುತ್ತದೆಯೇ ನೋಡಿ.

ಇನ್ನು ನಮ್ಮ ನೆಲದ ಮಾತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದಾರೆ ಅಂದರೆ ಅಲ್ಲಿ ಗಾಳಿಗೆ ಬರವಿಲ್ಲ ಅಂತಲೇ ಅರ್ಥ. ಗುಡ್ಡದ ಮರೆಯಲ್ಲಿ ಅದು ಸುಳಿಯಾಗಿ ಕೆಳಕ್ಕೆ ಒತ್ತುತ್ತದೆ. ಮೋಟರು ಆರಿಸಿ ಇಳಿಯುವವರು ಆ ಮಗ್ಗುಲು ಬಿಡಬೇಕು, ಬಂಡೆ ಬಿಸಿಲಿಗೆ ಕಾದು ಬಿಸಿಗಾಳಿ ಏಳುವ ಮೊದಲೇ ನೆಲ ಸೇರಬೇಕು. ಚಳ್ಳಕೆರೆ ಕಡೆ ಬಯಲು ಬೇಕಾದಷ್ಟಿದೆ, ಆದರೆ ಕುದಾಪುರದ ಬಳಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರವಿದೆ. ಅನುಮತಿಯಿಲ್ಲದೆ ಅತ್ತ ಸುಳಿಯಬೇಡಿ. ದಾವಣಗೆರೆ ಸುತ್ತ ಭದ್ರಾ ನಾಲೆಯ ಗದ್ದೆಯಲ್ಲಿ ನೀರು ನಿಂತಿರುತ್ತದೆ, ಬ್ಯಾಟರಿಗೂ ನೀರಿಗೂ ಆಗಿಬರುವುದಿಲ್ಲ. ಆಳೆತ್ತರದ ಮೆಕ್ಕೆಜೋಳದ ಮೇಲೆ ಬಂದರೆ ಪೈರಿನ ತುದಿಯೇ ನೆಲದಂತೆ ಕಂಡು ಫ್ಲೇರ್ ಬೇಗ ಆಗಿಹೋಗುತ್ತದೆ. ಪಂಪ್‌ಸೆಟ್ಟಿನ ತಂತಿ ಮೇಲಿನಿಂದ ಕಾಣುವುದೇ ಇಲ್ಲ. ತಂತಿ ಹುಡುಕಬೇಡಿ, ಕಂಬ ಹುಡುಕಿ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ಇದ್ದಲ್ಲಿಂದ ನಾಲ್ಕು ದಿಕ್ಕಿಗೂ ತಂತಿ ಹೋಗಿರಬಹುದು ಅಂದುಕೊಂಡೇ ಹೊಲ ಆರಿಸಿ.

ಕಾಲೂರಿದ ಮೇಲೆ ರೆಕ್ಕೆ ಕೆಡವಿ, ಥ್ರಾಟಲ್ ಕೈಯಿಂದ ಬಿಟ್ಟು, ಬ್ಯಾಟರಿಯ ಕನೆಕ್ಟರ್ ಕಳಚಿ. ಕಂಟ್ರೋಲರ್‌ನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ, ಅಲ್ಲಿಯವರೆಗೆ ಪ್ರೊಪೆಲ್ಲರ್ ಮುಟ್ಟಬೇಡಿ. ಊರ ಹತ್ತಿರ ಇಳಿದರೆ ಹುಡುಗರು ಓಡೋಡಿ ಬರುತ್ತಾರೆ, ನಿಂತ ಫ್ಯಾನು ಕಂಡರೆ ಬೆರಳಲ್ಲಿ ತಿರುಗಿಸಿ ನೋಡುವುದೇ ಅವರ ಮೊದಲ ಕೆಲಸ. ಅವರು ಬದು ದಾಟುವ ಮೊದಲೇ ಕನೆಕ್ಟರ್ ನಿಮ್ಮ ಕೈಯಲ್ಲಿರಲಿ. ನಮಸ್ಕಾರ.