ಮಗುವಿನ ತಪ್ಪು ಉತ್ತರ

ಆತ್ಮೀಯ ಕೇಳುಗರೆ, ನಮಸ್ಕಾರ. ಪಿಯುಸಿ ಮುಗಿಸಿದ ಮಗಳು ಮನಃಶಾಸ್ತ್ರ ಓದುತ್ತೇನೆ ಎಂದಾಗ ನಮ್ಮ ಕಲಬುರಗಿಯ ಮನೆಗಳಲ್ಲಿ ಹಿರಿಯರು ಕೇಳುವ ಪ್ರಶ್ನೆಗಳು ಎರಡು: ಅದು ಹುಚ್ಚು ಬಿಡಿಸುವ ವಿದ್ಯೆಯೇ, ಓದಿದರೆ ನೌಕರಿ ಸಿಗುತ್ತದೆಯೇ? ನೌಕರಿಯ ಮಾತನ್ನು ಕೊನೆಗಿಟ್ಟುಕೊಂಡು, ಈ ಶಾಸ್ತ್ರದ ಒಂದು ಕವಲಾದ ಮಕ್ಕಳ ಬೆಳವಣಿಗೆ ಮತ್ತು ಕಲಿಕೆಯ ಅಧ್ಯಯನದಲ್ಲಿ ಏನು ಓದುತ್ತಾರೆ ಎಂಬುದನ್ನು ಮೊದಲು ಹೇಳುತ್ತೇನೆ.

ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸಿ ನೆರವಾಗಲೆಂದು ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೊನ್ 1905ರಲ್ಲಿ ಫ್ರಾನ್ಸಿನಲ್ಲಿ ಬುದ್ಧಿಪರೀಕ್ಷೆಯೊಂದನ್ನು ರೂಪಿಸಿದರು. ಆ ಪರಂಪರೆಯ ಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದ್ದರಿಂದ ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರು ನಮ್ಮಲ್ಲಿ ನಿಂತಿತು. ಮುಂದೆ ಪ್ಯಾರಿಸ್ಸಿನಲ್ಲಿ ಮಕ್ಕಳ ಪರೀಕ್ಷೆಗಳ ಕೆಲಸ ಮಾಡಿದ ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆಯವರ ಗಮನ ಮಾತ್ರ ಸರಿ ಉತ್ತರಗಳ ಎಣಿಕೆಯಲ್ಲಿ ನಿಲ್ಲಲಿಲ್ಲ. ಹೆಚ್ಚುಕಡಿಮೆ ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಾರೆ, ಆ ತಪ್ಪಿನ ಹಿಂದೆ ಅವರದೇ ಆದ ತರ್ಕವಿದೆ ಎಂಬುದನ್ನು ಅವರು ಹಿಡಿದರು.

ಅವರ ಪ್ರಯೋಗವೊಂದನ್ನು ಜೋಳದ ಕಾಳಿನಿಂದ ಮನೆಯಲ್ಲೇ ಮಾಡಬಹುದು. ನಾಲ್ಕೈದು ವರ್ಷದ ಮಗುವಿನ ಮುಂದೆ ಎರಡು ಸಾಲುಗಳಲ್ಲಿ ಸಮನಾಗಿ ಕಾಳುಗಳನ್ನು ಜೋಡಿಸಿ, ಎರಡರಲ್ಲೂ ಅಷ್ಟೇ ಇವೆಯೇ ಎಂದು ಕೇಳಿದರೆ ಹೌದೆನ್ನುತ್ತದೆ. ಒಂದು ಸಾಲಿನ ಕಾಳುಗಳನ್ನು ದೂರದೂರ ಸರಿಸಿ ಮತ್ತೆ ಕೇಳಿದರೆ, ಉದ್ದನೆಯ ಸಾಲಿನಲ್ಲೇ ಹೆಚ್ಚು ಎನ್ನುವ ಮಕ್ಕಳೇ ಬಹಳ. ಸಂಖ್ಯೆ ಬದಲಾಗದು ಎಂಬ ತಿಳಿವಳಿಕೆ ಇನ್ನೂ ಮೂಡಿಲ್ಲ ಎಂದು ಪಿಯಾಜೆ ವಿವರಿಸಿದರು. ಆದರೆ 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ ಎಂಬಿಬ್ಬರು, ದೊಡ್ಡವರು ಸಾಲನ್ನು ಸರಿಸುವ ಬದಲು ತುಂಟ ಗೊಂಬೆಯೊಂದು ಬಂದು ಕೆಡಿಸಿದಂತೆ ಮಾಡಿದಾಗ, ಎಷ್ಟೋ ಹೆಚ್ಚು ಮಕ್ಕಳು ಸರಿಯಾಗಿ ಉತ್ತರಿಸಿದರು. ಹಿರಿಯರು ತಾವೇ ಕೈಯಾಡಿಸಿ ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದಾಗ, ಬೇರೆ ಉತ್ತರವೇ ಬೇಕಾಗಿರಬೇಕು ಎಂದು ಮಗು ಊಹಿಸಿರಲಿಕ್ಕೆ ಸಾಕು. ಈ ಎರಡು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಕಲಿಸದ ತರಗತಿ ಅರ್ಧ ಪಾಠವನ್ನೇ ಕಲಿಸಿದಂತೆ ಎಂಬುದು ನನ್ನ ಅಭಿಪ್ರಾಯ.

ತಪ್ಪು ಉತ್ತರಕ್ಕೆ ಪ್ರಶ್ನೆ ಕೇಳಿದ ರೀತಿಯೂ ಕಾರಣವಾಗಿರಬಹುದು ಎಂಬುದನ್ನು ನಮ್ಮ ಭಾಗದಲ್ಲಂತೂ ಮರೆಯುವಂತಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಅಥವಾ ಮರಾಠಿ ಮಾತಾಡಿ ಕನ್ನಡ ಶಾಲೆಗೆ ಬರುವ ಮಕ್ಕಳಿದ್ದಾರೆ. ತಂದೆತಾಯಿ ದುಡಿಯಲು ಪುಣೆ, ಮುಂಬೈ ಕಡೆಗೆ ಹೋದಾಗ ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಳ್ಳುವವರೂ ಇದ್ದಾರೆ. ತಾಂಡಾದಿಂದ ಬಂದ ಮಗು ಒಂದನೇ ತರಗತಿಯಲ್ಲಿ ಸುಮ್ಮನೆ ಕುಳಿತರೆ, ಅದಕ್ಕೆ ಲೆಕ್ಕ ಬರುವುದಿಲ್ಲವೋ, ಕೇಳಿದ ಮಾತೇ ತಿಳಿಯಲಿಲ್ಲವೋ ಎಂದು ಬೇರ್ಪಡಿಸಿ ನೋಡುವುದು ಈ ಶಾಸ್ತ್ರ ಓದಿದವರ ಕೆಲಸ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ, ಅಂದರೆ ಓದು, ಬರಹ, ಲೆಕ್ಕ ಕಲಿಯುವಲ್ಲಿನ ತೊಡಕೂ, ಸೇರಿರುವುದರಿಂದ, ನಿಜವಾಗಿ ಅದಿರುವ ಮಗುವಿಗೆ ಸೌಲಭ್ಯ ತಪ್ಪಬಾರದು, ಇಲ್ಲದ ಮಗುವಿನ ಮೇಲೆ ಆ ಹಣೆಪಟ್ಟಿ ಬೀಳಬಾರದು.

ಇನ್ನು ನೌಕರಿಯ ಮಾತು. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿಯೂ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಮನಃಶಾಸ್ತ್ರದ ಸ್ನಾತಕೋತ್ತರ ಓದಿಗೆ ಅವಕಾಶವಿದೆ. ಶಾಲೆಗಳಲ್ಲಿ ಆಪ್ತಸಮಾಲೋಚಕರಾಗಿ, ಮಕ್ಕಳ ಯೋಜನೆಗಳಲ್ಲಿ ಕಾರ್ಯಕರ್ತರಾಗಿ ದುಡಿಯಬಹುದು. ಆದರೆ ಎಂ.ಎ. ಪದವಿಯೊಂದರಿಂದಲೇ ಚಿಕಿತ್ಸಾ ಮನಃಶಾಸ್ತ್ರಜ್ಞರೆಂದು ಫಲಕ ಹಾಕುವಂತಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಬೇಕು. ವಿಶೇಷ ಶಿಕ್ಷಕರ ನೋಂದಣಿಯೂ ಇದೇ ಪರಿಷತ್ತಿನದು. ಆದ್ದರಿಂದ ಶುಲ್ಕ ಕಟ್ಟುವ ಮೊದಲು, ಆ ಕೋರ್ಸಿಗೆ ಆ ವರ್ಷ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲಿ ತಾವೇ ನೋಡಿಕೊಳ್ಳಿ, ಕಾಲೇಜಿನವರ ಬಾಯಿಮಾತನ್ನಷ್ಟೇ ನಂಬಬೇಡಿ.