ಕವಳದ ತಟ್ಟೆಯಿಂದ ಹೊರಟ ಹೆಸರುಗಳು

ಕೇಳುಗರಿಗೆ ನಮಸ್ಕಾರ.

ಶಿರಸಿ ಕಡೆ ಯಾರ ಮನೆಗೆ ಹೋದರೂ ಊಟ ಆದಮೇಲೆ ಕವಳದ ತಟ್ಟೆ ಮುಂದೆ ಬರುತ್ತದೆ. ಎಲೆ, ಅಡಿಕೆ, ಸುಣ್ಣ, ಕೆಲವು ಮನೆಗಳಲ್ಲಿ ಕಾಚು. ಇಂಗ್ಲಿಷ್ ರಸಾಯನಶಾಸ್ತ್ರದ ನಾಲ್ಕು ಹೆಸರುಗಳ ಬೇರು ಈ ತಟ್ಟೆಯಲ್ಲೇ ಸಿಗುತ್ತದೆ.

ಸುಣ್ಣದ್ದು ಬೇಗ ಹೇಳಿಬಿಡುತ್ತೇನೆ. ಲ್ಯಾಟಿನ್‌ನಲ್ಲಿ ಸುಣ್ಣಕ್ಕೆ ಕ್ಯಾಲ್ಕ್ಸ್ ಅಂತಾರೆ. 1808ರಲ್ಲಿ ಹಂಫ್ರಿ ಡೇವಿ ಸುಣ್ಣದಿಂದ ಲೋಹ ಬೇರ್ಪಡಿಸಿ ಕ್ಯಾಲ್ಸಿಯಂ ಅಂದರು. ನಮ್ಮ ಕರಾವಳಿಯ ಚಿಪ್ಪಿ ಸುಣ್ಣದಲ್ಲಿ ಇರುವುದೂ ಅದೇ.

ಅಡಿಕೆಯ ಕತೆ ನನಗೆ ಜಾಸ್ತಿ ಇಷ್ಟ. ನಾವು ಅಡಕೆ ಅಂತೇವೆ, ಮಲಯಾಳದವರು ಅಡಯ್ಕ ಅಂತಾರೆ. ಪೋರ್ಚುಗೀಸರ ಬಾಯಲ್ಲಿ ಡಕಾರ ರಕಾರವಾಗಿ ಅರೆಕ ಆಯಿತು. ನೀವೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ: ಅಡಕೆ, ಅರೆಕ. ಹತ್ತಿರವೇ ಇದೆ, ಅಲ್ವಾ? 1888ರಲ್ಲಿ ಜರ್ಮನಿಯ ಯಾನ್ಸ್ ಅಡಿಕೆಯಿಂದ ಒಂದು ವಸ್ತು ಬೇರ್ಪಡಿಸಿದರು. ನಿಕೋಟಿನ್, ಕೆಫೀನ್‌ಗಳ ಹಾಗೆ ಇದಕ್ಕೂ ಕೊನೆಯಲ್ಲಿ 'ಇನ್' ಸೇರಿ ಅರೆಕೊಲಿನ್ ಆಯಿತು. ರೂಢಿ ಇಲ್ಲದವರು ಅಡಿಕೆ ಜಗಿದರೆ ಕಿವಿ ಬಿಸಿಯಾಗಿ ಹಣೆ ಬೆವರುತ್ತದೆ. ಅಡಿಕೆ ಸೊಕ್ಕಿತು ಅಂತೇವಲ್ಲ, ಅದರಲ್ಲಿ ಅರೆಕೊಲಿನ್ ಕೈವಾಡ ಇದೆ. ದಿನವಿಡೀ ಕವಳ ಹಾಕುವವರ ಬಾಯಿಗೆ ಅಡಿಕೆ ಕೆಡುಕು ಮಾಡುತ್ತದೆ, ಅದನ್ನೂ ಮುಚ್ಚಿಡಬಾರದು.

ಎಲೆಗೆ ಮಲಯಾಳದಲ್ಲಿ ವೆಟ್ಟಿಲ. ಅದು ಬೆಟಲ್ ಆಗಿ, ಎಲೆಯ ಎಣ್ಣೆಯಲ್ಲಿರುವ ಚಾವಿಬೆಟಾಲ್ ಎಂಬ ಹೆಸರಿನಲ್ಲಿ ಸೇರಿಕೊಂಡಿತು.

ಇನ್ನು ಕಾಚು. ಕಗ್ಗಲಿ ಮರದ ತಿರುಳನ್ನು ಚೂರು ಮಾಡಿ, ನೀರಲ್ಲಿ ಕುದಿಸಿ, ಬತ್ತಿಸಿ ಗಟ್ಟಿ ಮಾಡಿದ್ದು. ಕನ್ನಡದಲ್ಲಿ ಕಾಚು, ಮಲೇಷ್ಯಾ ಕಡೆಯ ಮಲಯ ಭಾಷೆಯಲ್ಲೂ ಕಾಚು. ಸರಕಿನ ಜೊತೆ ಮಾತೂ ಹಡಗು ಹತ್ತಿತ್ತು. ಯುರೋಪಿನಲ್ಲಿ ಅದು ಕ್ಯಾಟೆಚೂ ಆಯಿತು. 1839ರಲ್ಲಿ ರೈನ್ಷ್ ಎಂಬುವರು ಕಾಚಿನ ಸಾರವನ್ನು ಕಾಯಿಸಿ, ಆವಿ ಹಿಡಿದು, ಹೊಸ ವಸ್ತು ಪಡೆದರು. ಅದಕ್ಕೆ ಈಗ ಕ್ಯಾಟೆಕಾಲ್ ಎಂಬ ಹೆಸರು.

ದೇವಿಮನೆ ಘಟ್ಟ ಇಳಿಯುವಾಗ ತಿರುವಿನಲ್ಲಿ ಒಮ್ಮೆಲೇ ಲಾರಿ ಎದುರಾದರೆ ಎದೆ ಡವಡವ ಅನ್ನುತ್ತದೆ. ಅಂಗೈ ಬೆವರುತ್ತದೆ. ಆ ಗಳಿಗೆಯಲ್ಲಿ ಮೈಯೊಳಗೆ ಹರಿಯುವುದು ಅಡ್ರಿನಾಲಿನ್. ಅದು ಸೇರಿದ ಗುಂಪಿನ ಹೆಸರು ಕ್ಯಾಟೆಕೋಲಮೈನ್. ಕಾಚಿನ ಹೆಸರು ಹೊತ್ತ ಕ್ಯಾಟೆಕಾಲ್‌ನ ಪರಮಾಣುಗಳ ಉಂಗುರ ಅಡ್ರಿನಾಲಿನ್ ಅಣುವಿನಲ್ಲಿ ಹಾಗೇ ಕೂತಿದೆ.

ನಮಸ್ಕಾರ.