ಗುಟ್ಟಿನ ಹಾರಾಟ, ತಮ್ಮವರ ಗುಂಡು

ಕೇಳುಗರಿಗೆ ನಮಸ್ಕಾರ.

1944ರ ನವೆಂಬರ್ 8ರಂದು ನಮ್ಮ ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆಯ ಹೊಸ ತುಕಡಿಯೊಂದು ಹುಟ್ಟಿತು. 358ನೆಯ ಸ್ಕ್ವಾಡ್ರನ್ ಎಂದು ಅದರ ಹೆಸರು. ನಾಲ್ಕು ಎಂಜಿನ್‌ಗಳ ಲಿಬರೇಟರ್ ಬಾಂಬರುಗಳು ಅದರ ಬಳಿ ಇದ್ದವು. ಆದರೆ ಆ ತುಕಡಿ ಬಾಂಬ್ ದಾಳಿಗೆಂದು ಹೋದದ್ದು ಒಂದೇ ಒಂದು ಸಲ. ಬಂಗಾಳದ ನೆಲೆಗೆ ಹೋದ ಮೇಲೆ ಅದಕ್ಕೆ ವಹಿಸಿದ್ದು ಗುಟ್ಟಿನ ಕೆಲಸ. ಜಪಾನೀಯರ ವಶದಲ್ಲಿದ್ದ ನಾಡುಗಳ ಮೇಲೆ ರಾತ್ರಿ ಹಾರಿ, ಗೂಢಚಾರರನ್ನೂ ಅವರಿಗೆ ಬೇಕಾದ ಸಾಮಗ್ರಿಗಳನ್ನೂ ಪ್ಯಾರಾಚೂಟಿನಲ್ಲಿ ಇಳಿಸಿ, ಬೆಳಗಾಗುವುದರೊಳಗೆ ಹಿಂದಿರುಗಬೇಕು. ಬಂಗಾಳದಿಂದ ಹನೋಯ್‌ಗೆ ನೇರ ಗೆರೆ ಎಳೆದರೂ 1,600 ಕಿಲೋಮೀಟರಿಗಿಂತ ಹೆಚ್ಚು. ಅಷ್ಟೇ ದೂರ ಮರಳಿ ಬರಬೇಕು.

1945ರ ಜನವರಿ 22ರ ರಾತ್ರಿ ಫ್ರೆಂಚ್ ಇಂಡೋಚೀನಾದತ್ತ, ಅಂದರೆ ಇಂದಿನ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳ ನಾಡಿನತ್ತ ಹೋದ ಈ ತುಕಡಿಯ ವಿಮಾನಗಳೆಲ್ಲ ಮರಳಲಿಲ್ಲ. ಅವುಗಳಲ್ಲಿ ಎರಡನ್ನು ಹೊಡೆದುರುಳಿಸಿದ್ದು ಜಪಾನೀಯರಲ್ಲ, ಮಿತ್ರರಾಷ್ಟ್ರವಾದ ಅಮೆರಿಕದ ಬ್ಲ್ಯಾಕ್ ವಿಡೋ ಎಂಬ ರಾತ್ರಿ ಕಾಳಗದ ವಿಮಾನಗಳು ಎಂದು ಕೆಲವು ಇತಿಹಾಸಕಾರರು ಬರೆದಿದ್ದಾರೆ. ಇದನ್ನು ತೀರ್ಪು ಎಂದು ನಾನು ನಿಮ್ಮ ಮುಂದಿಡುತ್ತಿಲ್ಲ. ಬಲವಾದ ಸಂಶಯವೊಂದನ್ನು ಪರೀಕ್ಷಿಸುವುದು ಹೇಗೆ ಎಂಬುದೇ ಇಂದಿನ ಮಾತು.

ಆ ಸಂಶಯ ಸುಮ್ಮನೆ ಹುಟ್ಟಿದ್ದಲ್ಲ. ಇಂಡೋಚೀನಾ ಆಗ ಚೀನಾದ ನಾಯಕ ಚಿಯಾಂಗ್ ಕೈ ಷೇಕ್ ಅವರ ಚೀನಾ ರಣರಂಗಕ್ಕೆ ಸೇರಿತ್ತು. ಅಲ್ಲಿ ಅಮೆರಿಕದ ಜನರಲ್ ವೆಡೆಮೆಯರ್ ಅವರ ಮಾತು ನಡೆಯುತ್ತಿತ್ತು. ಇತ್ತ ಆಗ್ನೇಯ ಏಷ್ಯಾದ ದಂಡನಾಯಕ ಮೌಂಟ್‌ಬ್ಯಾಟನ್, ಚಿಯಾಂಗ್ ಜೊತೆಗೆ ತಮಗೆ ಬಾಯಿಮಾತಿನ ಒಪ್ಪಂದವಿದೆ, ಅಲ್ಲಿ ಗುಪ್ತ ಕಾರ್ಯ ನಡೆಸುವ ಹಕ್ಕು ತಮಗೂ ಉಂಟು ಎನ್ನುತ್ತಿದ್ದರು. ಫ್ರೆಂಚರು ಮತ್ತೆ ಆ ನಾಡನ್ನು ಆಳಬೇಕೆಂದು ಬ್ರಿಟನ್ನಿಗೆ ಆಸೆ, ಆಳಬಾರದೆಂದು ಅಧ್ಯಕ್ಷ ರೂಸ್ವೆಲ್ಟ್ ಅವರಿಗೆ ಹಟ. ಯಾರ ವಿಮಾನ ಯಾವಾಗ ಯಾವ ದಾರಿಯಲ್ಲಿ ಬರುತ್ತದೆ ಎಂಬ ಸುದ್ದಿಯೇ ಇಬ್ಬರ ನಡುವಿನ ಜಗಳವಾಯಿತು. ಆ ಜಗಳದ ಕೆಳಗೆ ಹಾರುತ್ತಿದ್ದವರು ಇಪ್ಪತ್ತರ ಆಸುಪಾಸಿನ ಹುಡುಗರು.

ನಮ್ಮ ಮಲೆನಾಡಿನ ಹಿರಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಬೇಟೆ ನಡೆಯುತ್ತಿದ್ದ ಕಾಲದಲ್ಲಿ ಹಳು ಸೋವುವವರು, ಅಂದರೆ ಪೊದೆ ಬಡಿದು ಮಿಗ ಎಬ್ಬಿಸುವವರು, ಯಾವ ಕಡೆಯಿಂದ ಬರುತ್ತಾರೆ, ಕಂಡಿಯಲ್ಲಿ ಕೋವಿ ಹಿಡಿದು ನಿಂತವರು ಯಾರು ಎಂದು ಮೊದಲೇ ಎಲ್ಲರಿಗೂ ತಿಳಿದಿರಬೇಕಿತ್ತು. ತಿಳಿಯದೆ ಹೋದರೆ ಹಳುವಿನಲ್ಲಿ ಅಲುಗಿದ್ದೆಲ್ಲ ಮಿಗವೇ. ಆಕಾಶದಲ್ಲಿ ಆ ಅಪಾಯ ಇನ್ನೂ ಹೆಚ್ಚು. ನೆಲದ ರೇಡಾರಿಗೆ ತಾನು ನಿಮ್ಮವನೇ ಎಂದು ಉತ್ತರ ಕೊಡುವ ಸಾಧನ ವಿಮಾನದಲ್ಲಿ ಇರುತ್ತದೆ. ಆದರೆ ಶತ್ರುವಿನ ನೆಲದ ಮೇಲೆ ಅದೇ ಸಂಕೇತ ಶತ್ರುವಿಗೂ ಸುಳಿವು ಕೊಡಬಲ್ಲದು. ಆ ಸಾಧನವನ್ನು ನಿಲ್ಲಿಸಿ, ರೇಡಿಯೊ ಮುಚ್ಚಿ, ತಗ್ಗಿನಲ್ಲಿ ಹಾರಬೇಕು. ಹಾಗೆ ಹಾರುವ ವಿಮಾನ ಮಿತ್ರನ ಕಣ್ಣಿಗೂ ಶತ್ರುವಿನಂತೆಯೇ ಕಾಣುತ್ತದೆ.

ತಮ್ಮವರೇ ತಮ್ಮವರನ್ನು ಹೊಡೆದದ್ದು ಆ ಯುದ್ಧದಲ್ಲಿ ಬೇರೆಡೆಯೂ ಉಂಟು. 1945ರ ಹೊಸವರ್ಷದ ದಿನ ಜರ್ಮನ್ನರು ಬೋಡೆನ್‌ಪ್ಲಾಟ್ ಎಂಬ ದಾಳಿಯನ್ನು ಎಷ್ಟು ಗುಟ್ಟಾಗಿ ಇಟ್ಟರೆಂದರೆ, ಅವರದೇ ವಿಮಾನ ನಿರೋಧಕ ತೋಪಿನ ಎಷ್ಟೋ ತುಕಡಿಗಳಿಗೆ ಸುದ್ದಿ ಇರಲಿಲ್ಲ. ಆ ತೋಪುಗಳು ತಮ್ಮ ವಿಮಾನಗಳನ್ನೇ ಹೊಡೆದವು. 1943ರ ಜುಲೈ 11ರ ರಾತ್ರಿ ಇಟಲಿಯ ಸಿಸಿಲಿ ದ್ವೀಪದಲ್ಲಿ ತಮ್ಮ ವಿಮಾನಗಳು ಬರುತ್ತವೆ ಎಂಬ ಸೂಚನೆ ಹೋಗಿತ್ತು, ಆದರೂ ಎಲ್ಲರಿಗೂ ತಲುಪಲಿಲ್ಲ. ಪ್ಯಾರಾಚೂಟ್ ಸೈನಿಕರನ್ನು ಹೊತ್ತ 144 ಅಮೆರಿಕನ್ ವಿಮಾನಗಳಲ್ಲಿ 23 ತಮ್ಮವರ ಗುಂಡಿಗೇ ಉರುಳಿದವು.

ಇನ್ನು ಹುಡುಕಾಟದ ವಿಚಾರ. ಬ್ರಿಟಿಷ್ ತುಕಡಿಗಳ ದಿನಚರಿ ಪುಸ್ತಕಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಶಿವಮೊಗ್ಗದಲ್ಲಿ ಕುಳಿತೂ ಅವುಗಳ ಪಟ್ಟಿಯನ್ನು ನೋಡಬಹುದು. ಹಾರಾಟದ ಪುಟದಲ್ಲಿ ಉದ್ದುದ್ದ ಕಾಲಂಗಳು: ವಿಮಾನದ ಸಂಖ್ಯೆ, ಸಿಬ್ಬಂದಿಯ ಹೆಸರು, ಕೆಲಸ, ಏರಿದ ಹೊತ್ತು, ಇಳಿದ ಹೊತ್ತು, ವಿವರ. ಮರಳದ ವಿಮಾನದ ಸಾಲಿನಲ್ಲಿ ಇಳಿದ ಹೊತ್ತಿನ ಜಾಗ ಖಾಲಿ. ಗುಪ್ತ ಕೆಲಸವಾದ್ದರಿಂದ ವಿವರದ ಕಾಲಂ ಕೂಡ ತೀರ ಬಿಗಿ. ಆ ಖಾಲಿ ಜಾಗವನ್ನು ತುಂಬಲು ಹೊಡೆದವರ ಕಡೆಯ ಪುಸ್ತಕ ಬೇಕು. ಆ ರಾತ್ರಿ ಯಾವ ಅಮೆರಿಕನ್ ಪೈಲಟ್ ಏನನ್ನು ಹೊಡೆದೆನೆಂದು ಬರೆಸಿದ್ದಾನೆ, ಎಷ್ಟು ಹೊತ್ತಿಗೆ, ಯಾವ ಊರಿನ ಮೇಲೆ? ಜಪಾನೀ ಪೈಲಟ್‌ಗಳು ಅಂಥದೇ ಹೇಳಿಕೆ ಕೊಟ್ಟಿದ್ದಾರೆಯೇ? ಭಗ್ನಾವಶೇಷ ಯಾವ ಗುಡ್ಡದಲ್ಲಿ ಸಿಕ್ಕಿತು, ನೆಲದ ಜನ ಏನು ಕಂಡರು? ಮೂರೂ ಕಡೆಯ ಮಾತು ಕೂಡಿ ಬರುವ ತನಕ ಯಾರ ಮೇಲೂ ಕೊಲೆಯ ಹೊರೆ ಹೊರಿಸಬಾರದು.

ಹೊತ್ತಿನ ಲೆಕ್ಕವೇ ದೊಡ್ಡ ತೊಡಕು. 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರ್ ತನಕ ಭಾರತದ ಗಡಿಯಾರ ಯುದ್ಧದ ನಿಮಿತ್ತ ಒಂದು ಗಂಟೆ ಮುಂದಿತ್ತು, ಗ್ರೀನಿಚ್‌ಗಿಂತ ಆರೂವರೆ ಗಂಟೆ. ಇಂದಿನ ಐದೂವರೆಯ ಲೆಕ್ಕ ಹಾಕಿದರೆ ಒಂದು ಗಂಟೆ ತಪ್ಪುತ್ತದೆ. ಆ ಒಂದು ಗಂಟೆಯಲ್ಲಿ ಲಿಬರೇಟರ್ ಮುನ್ನೂರು ಕಿಲೋಮೀಟರಿನಷ್ಟು ದೂರ ಹೋಗಿರುತ್ತದೆ. ಜಪಾನೀ ಸೇನೆಯದು ಟೋಕಿಯೊ ಸಮಯ, ಮತ್ತೊಂದು ಲೆಕ್ಕ. ಪಂಚಾಂಗವನ್ನೂ ಬಿಡಬಾರದು. ಆ ಜನವರಿ 14ಕ್ಕೆ ಅಮಾವಾಸ್ಯೆ, ಸೂರ್ಯಗ್ರಹಣ. ಹಾಗಾದರೆ 22ರ ರಾತ್ರಿ ಶುಕ್ಲಪಕ್ಷದ ನವಮಿ ದಶಮಿಯ ಸುಮಾರು. ನಡುರಾತ್ರಿ ದಾಟಿದ ಮೇಲೆ ಚಂದ್ರ ಮುಳುಗುತ್ತಾನೆ. ಬೆಳುದಿಂಗಳಲ್ಲಿ ವಿಮಾನದ ರೂಪವನ್ನು ಸ್ಪಷ್ಟವಾಗಿ ಕಂಡೆ ಎಂದು ಯಾರಾದರೂ ಹೇಳಿದ್ದರೆ, ಅದು ಎಷ್ಟು ಗಂಟೆಯ ಮಾತು ಎಂದು ಕೇಳಲೇಬೇಕು.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ನನ್ನ ಉತ್ತರ ಒಂದೇ. ಪೂರ್ವ ಏಷ್ಯಾದ ಯುದ್ಧದಲ್ಲಿ ಗೋರಿಯೂ ಸಿಗದ 24,000ಕ್ಕೂ ಹೆಚ್ಚು ಯೋಧರ ಹೆಸರು ಸಿಂಗಪುರದ ಕ್ರಾಂಜಿ ಸ್ಮಾರಕದ ಗೋಡೆಗಳಲ್ಲಿವೆ. ಅವರಲ್ಲಿ ಭಾರತೀಯರೂ ಇದ್ದಾರೆ. ಗುಟ್ಟಿನ ಕೆಲಸಕ್ಕೆ ಹೋದವರ ಮನೆಗೆ ಹೋದದ್ದು ಕಾಣೆಯಾಗಿದ್ದಾರೆ ಎಂಬ ತಂತಿ ಮಾತ್ರ. ಎಲ್ಲಿಗೆ ಹೋಗಿದ್ದ, ಯಾಕೆ ಹೋಗಿದ್ದ ಎಂದು ತಾಯಿಗೆ ಹೇಳುವಂತಿರಲಿಲ್ಲ. ಯುದ್ಧ ಮುಗಿದ ಮೇಲೂ ಆ ಗುಟ್ಟನ್ನು ಕಾಯುವುದರಲ್ಲಿ ನ್ಯಾಯವಿಲ್ಲ. ನಮ್ಮ ಕಾಲದಲ್ಲಿ, 2019ರ ಫೆಬ್ರುವರಿ 27ರಂದು ಕಾಶ್ಮೀರದ ಬಡ್ಗಾಮಿನಲ್ಲಿ ನಮ್ಮದೇ ಕ್ಷಿಪಣಿ ನಮ್ಮ ಹೆಲಿಕಾಪ್ಟರಿಗೆ ಬಡಿದು ಆರು ಮಂದಿ ವಾಯುಯೋಧರೂ ಒಬ್ಬ ನಾಗರಿಕರೂ ತೀರಿಕೊಂಡರು. ಅದೇ ಅಕ್ಟೋಬರಿನಲ್ಲಿ ವಾಯುಪಡೆಯ ಮುಖ್ಯಸ್ಥರು ಅದು ತಮ್ಮ ದೊಡ್ಡ ತಪ್ಪು ಎಂದು ಬಹಿರಂಗವಾಗಿ ಒಪ್ಪಿಕೊಂಡರು. ಆ ಏಳು ಮನೆಗಳಿಗೆ ಅಷ್ಟಾದರೂ ಸಲ್ಲಬೇಕಿತ್ತು.

ಕೇಳುಗರಲ್ಲಿ ನನ್ನದೊಂದು ಕೋರಿಕೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಹಳೆಯ ಮನೆಗಳ ಅಟ್ಟದಲ್ಲಿ ಆ ಯುದ್ಧಕಾಲದ ಪತ್ರ, ವೇತನ ಪುಸ್ತಕ, ವಿಮಾನ ನೆಲೆಯಲ್ಲಿ ದುಡಿದ ಅಜ್ಜನ ಫೋಟೊ ಇದ್ದರೆ ಒಲೆಗೆ ಹಾಕಬೇಡಿ. ಲ್ಯಾಮಿನೇಷನ್ನನ್ನೂ ಮಾಡಿಸಬೇಡಿ, ಕಾಗದ ಹಾಳಾಗುತ್ತದೆ. ಎರಡೂ ಮಗ್ಗುಲಿನ ಫೋಟೊ ತೆಗೆದು, ಅಂಚೆ ಮುದ್ರೆಯ ತಾರೀಕನ್ನು ಬರೆದಿಟ್ಟುಕೊಂಡು, ರಾಜ್ಯ ಪತ್ರಾಗಾರ ಇಲಾಖೆಗೆ ತಿಳಿಸಿ. ನಮಸ್ಕಾರ.